ಬಿ.ಎಸ್ಸಿ ಗಣಿತದಿಂದ ಕಂಪ್ಯೂಟರ್ ಸೈನ್ಸ್ ಕಡೆಗೆ: ಮಲೆನಾಡಿನ ಹುಡುಗಿಯೊಬ್ಬಳ ಪ್ರಕರಣ

ಹೆಸರು, ಊರು, ಕೆಲಸದ ಜಾಗ ಎಲ್ಲವನ್ನೂ ಬದಲಿಸಿದ್ದೇನೆ. ಬರೆಯಲು ಆಕೆಯ ಒಪ್ಪಿಗೆ ಇದೆ. ಸುಮಾ ಅಂತ ಕರೆಯೋಣ. ವಯಸ್ಸು 25. ಹೊಸನಗರ ಕಡೆಯ ಹಳ್ಳಿ, ಅಡಿಕೆ ತೋಟದ ಮನೆ. ಶಿವಮೊಗ್ಗದಲ್ಲಿ ಬಿ.ಎಸ್ಸಿ ಮಾಡಿದ್ದಾಳೆ, ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್. 68 ಪರ್ಸೆಂಟ್. ಆಮೇಲೆ ಒಂದು ಸಹಕಾರ ಸಂಘದಲ್ಲಿ ಲೆಕ್ಕಪತ್ರದ ಕೆಲಸ. ಈಗ ಕಂಪ್ಯೂಟರ್ ಸೈನ್ಸ್‌ನಲ್ಲಿ ಸ್ನಾತಕೋತ್ತರ ಓದಬೇಕು ಅಂತ ಆಸೆ.

ಮುಂದಿನ ಓದಿನ ಬಗ್ಗೆ ಸಲಹೆ ಕೇಳಲು ನನ್ನ ಬಳಿ ಬಂದವಳು ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಒಂದು ದಪ್ಪ ಫೈಲ್ ಮೇಜಿನ ಮೇಲಿಟ್ಟಳು. ಪೈಥಾನ್, ಡೇಟಾ ಸೈನ್ಸ್, ಕ್ಲೌಡ್, ಎಐ, ಹೀಗೆ ಸಾಲು ಸಾಲು ಆನ್‌ಲೈನ್ ಸರ್ಟಿಫಿಕೇಟ್. ಅದರ ಹಿಂದೆ, ಎಂ.ಟೆಕ್ ಪ್ರವೇಶಕ್ಕೆ ಬರೆಯುವ ಗೇಟ್ ಪರೀಕ್ಷೆಯ ಕೋಚಿಂಗ್‌ನ ರಸೀದಿ. ಕೊನೆಯಲ್ಲಿ ಒಬ್ಬ ಏಜೆಂಟರ ಬಣ್ಣದ ಬ್ರೋಷರ್: ವಿದೇಶದಲ್ಲಿ ಒಂದೇ ವರ್ಷಕ್ಕೆ ಎಂ.ಎಸ್ಸಿ. ಅದರ ಅಂಚಿನಲ್ಲಿ ಪೆನ್ನಿನಿಂದ ಬರೆದ ಸಾಲದ ಲೆಕ್ಕ, ಪಕ್ಕದಲ್ಲಿ ತೋಟದ ಸರ್ವೆ ನಂಬರು. ಮಾತು ಶುರುವಾಗಿದ್ದು "ಮೇಡಂ, ನಾನು ನಾನ್-ಸಿಎಸ್" ಅಂತ, ಅಂದರೆ ಪದವಿಯಲ್ಲಿ ಕಂಪ್ಯೂಟರ್ ಸೈನ್ಸ್ ಓದದವಳು. ಆ ದಿನ ಅದನ್ನು ಎಷ್ಟೋ ಸಲ ಹೇಳಿದಳು, ಏನೋ ತಪ್ಪು ಮಾಡಿದವರ ಧಾಟಿಯಲ್ಲಿ.

ಫೈಲನ್ನು ಬದಿಗಿಟ್ಟು ನಾನು ಕೇಳಿದ್ದು ಒಂದೇ ಪ್ರಶ್ನೆ. "ನಿನಗೆ ಬೇಕಾಗಿರುವುದು ಸಾಫ್ಟ್‌ವೇರ್ ಕೆಲಸವಾ, ಕಂಪ್ಯೂಟರ್ ಸೈನ್ಸ್ ಓದಾ?"

ನಮ್ಮ ಕಡೆ ಇವೆರಡೂ ಒಂದೇ ಅಂತ ಅಂದುಕೊಳ್ಳುವವರು ಜಾಸ್ತಿ. ಬೆಂಗಳೂರಲ್ಲಿ ಕೆಲಸ ಬೇಕು ಅನ್ನುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಬೇಕಾಗಿರುವುದು ಅಷ್ಟೇ ಆಗಿದ್ದರೆ ಎರಡು ವರ್ಷದ ಓದು, ಅದಕ್ಕೊಂದು ಸಾಲ ಬೇಕೇ ಬೇಕು ಅಂತೇನಿಲ್ಲ. ಓದಿಗೆ ಬಂದವರಿಗೆ ಮೊದಲ ಸೆಮಿಸ್ಟರ್‌ನಲ್ಲೇ ಡಿಸ್ಕ್ರೀಟ್ ಮ್ಯಾಥ್ಸ್, ಆಲ್ಗರಿದಮ್ಸ್, ಆಪರೇಟಿಂಗ್ ಸಿಸ್ಟಮ್ ಎದುರಾಗುತ್ತವೆ. ಅದು ಇಷ್ಟವಾಗದವರಿಗೆ ತರಗತಿಯಲ್ಲಿ ಕೂರುವುದೇ ಹಿಂಸೆ.

ಸುಮಾ ಸ್ವಲ್ಪ ಹೊತ್ತು ಸುಮ್ನಿದ್ದಳು. ಆಮೇಲೆ ಸಂಘದ ಕಥೆ ಹೇಳಿದಳು. ಅಲ್ಲಿ ಎರಡು ಲೆಕ್ಕ. ಅಡಿಕೆ ಮೂಟೆ ಬಂದಾಗ ಒಂದು ಕಡೆ ಎಂಟ್ರಿ, ದುಡ್ಡು ಕೊಟ್ಟಾಗ ಇನ್ನೊಂದು ಕಡೆ. ಆಡಿಟ್ ಹತ್ತಿರ ಬಂದಾಗ ಯಾವ ರಸೀದಿಗೆ ಹಣ ಹೋಗಿಲ್ಲ ಅಂತ ಹುಡುಕಬೇಕು. ಹಳೆಯ ವರ್ಷಗಳದ್ದೂ ಸೇರಿ ಎರಡೂ ಕಡೆ ಹತ್ತಿರ ಹತ್ತಿರ 30,000 ಸಾಲು. ಪೈಥಾನ್‌ನಲ್ಲಿ ಒಂದು ಪ್ರೋಗ್ರಾಂ ಬರೆದಳು. ಈ ಕಡೆಯ ಒಂದೊಂದು ಸಾಲನ್ನೂ ಆ ಕಡೆಯ ಎಲ್ಲ ಸಾಲಿನ ಜೊತೆ ಹೋಲಿಸುವುದು. ಓಡಿಸಿ ಚಹಾ ಕುಡಿದು ಬಂದರೂ ಮುಗಿದಿರಲಿಲ್ಲ. ಯಾಕೆ ಅಂತ ಹಾಳೆ ಮೇಲೆ ಗುಣಿಸಿ ನೋಡಿದಳು: 30,000 ಸಲ 30,000 ಅಂದರೆ 90 ಕೋಟಿ ಹೋಲಿಕೆ. ಎಲ್ಲೋ ಓದಿ, ರಸೀದಿ ನಂಬರುಗಳನ್ನೆಲ್ಲ ಪೈಥಾನ್‌ನ ಡಿಕ್ಷನರಿಗೆ (ನಂಬರು ಕೊಟ್ಟರೆ ಅದರ ಸಾಲನ್ನು ನೇರವಾಗಿ ತೆಗೆದುಕೊಡುವ ಏರ್ಪಾಡು) ತುಂಬಿ ಮತ್ತೆ ಓಡಿಸಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು.

"ಅಷ್ಟು ಬೇಗ ಹೆಂಗೆ ಹುಡುಕ್ತು ಅಂತ ಗೊತ್ತಾಗ್ಲಿಲ್ಲ ಮೇಡಂ. ಅದಕ್ಕೇ ಡಿಕ್ಷನರಿ ಒಳಗಿರೋ ಹ್ಯಾಶ್ ಟೇಬಲ್ ಅಂದ್ರೇನು ಅಂತ ಓದೋಕೆ ಶುರು ಮಾಡಿದೆ. ಅಲ್ಲಿಂದ ಬಿಡೋಕಾಗಿಲ್ಲ."

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಕೆಲಸ ಆಯಿತಲ್ಲ ಅಂತ ಬಿಟ್ಟುಬಿಡಬಹುದಿತ್ತು, ಅವಳು ಬಿಡಲಿಲ್ಲ. ಫೈಲಿನಲ್ಲಿದ್ದ ಅಷ್ಟೂ ಸರ್ಟಿಫಿಕೇಟ್‌ಗಿಂತ ಈ ಒಂದು ಸಂಗತಿಗೆ ತೂಕ ಹೆಚ್ಚು. ತಮಾಷೆ ಅಂದರೆ ಇದರ ಬಗ್ಗೆ ಫೈಲಿನಲ್ಲಿ ಒಂದು ಹಾಳೆಯೂ ಇರಲಿಲ್ಲ.

ಎರಡನೇ ಭೇಟಿಯಲ್ಲಿ ಅರ್ಹತೆಯ ವಿಷಯ ತೆಗೆದೆ. ಈ ಪ್ರಕರಣದ ನಿಜವಾದ ಗಂಟು ಇದ್ದದ್ದು ಇಲ್ಲೇ. ಸುಮಾ ಒಂದು ವರ್ಷದಿಂದ ಗೇಟ್‌ಗೆ ಓದುತ್ತಿದ್ದಳು, ಕಂಪ್ಯೂಟರ್ ಸೈನ್ಸ್ ಪೇಪರಿಗೆ. ಗೇಟ್ ಪರೀಕ್ಷೆಯನ್ನು ಬಿ.ಎಸ್ಸಿ, ಬಿ.ಕಾಂ, ಬಿ.ಎ ಮಾಡಿದವರೂ ಬರೆಯಬಹುದು, ಅದು ನಿಜ. ಆದರೆ ಪರೀಕ್ಷೆ ಬರೆಯುವ ಅರ್ಹತೆ ಬೇರೆ, ಎಂ.ಟೆಕ್ ಸೀಟಿನ ಅರ್ಹತೆ ಬೇರೆ. ಐಐಟಿ, ಎನ್ಐಟಿಗಳ ಎಂ.ಟೆಕ್‌ಗೆ ಸಾಮಾನ್ಯವಾಗಿ ಬಿ.ಇ ಆಗಿರಬೇಕು, ಇಲ್ಲವೇ ಎಂ.ಎಸ್ಸಿ, ಎಂಸಿಎ (ಕಂಪ್ಯೂಟರ್ ಅಪ್ಲಿಕೇಷನ್ಸ್) ತರಹದ ಸ್ನಾತಕೋತ್ತರ ಪದವಿ ಇರಬೇಕು. ಬರೀ ಮೂರು ವರ್ಷದ ಬಿ.ಎಸ್ಸಿ ಇಟ್ಟುಕೊಂಡು ಎಷ್ಟು ಒಳ್ಳೆಯ ಸ್ಕೋರ್ ತಂದರೂ ಆ ಬಾಗಿಲು ತೆರೆಯುವುದಿಲ್ಲ. ಸಿವಿಲ್, ಮೆಕ್ಯಾನಿಕಲ್ ಓದಿದವರ ಸ್ಥಿತಿ ಬೇರೆ. ಅವರಿಗೆ ಗೇಟ್ ಒಳ್ಳೆಯ ದಾರಿ, ಆಯಾ ಸಂಸ್ಥೆ ಯಾವ ಬ್ರಾಂಚಿನವರನ್ನು ತೆಗೆದುಕೊಳ್ಳುತ್ತದೆ ಅಂತ ಮೊದಲೇ ನೋಡಿಕೊಂಡರೆ ಸಾಕು.

ಅಳುತ್ತಾಳೇನೋ ಅಂದುಕೊಂಡಿದ್ದೆ. ಅವಳಿಗೆ ಸಿಟ್ಟು ಬಂತು. "ದುಡ್ಡು ಕಟ್ಟಿಸ್ಕೊಳ್ವಾಗ ಡಿಗ್ರಿ ಯಾವ್ದು ಅಂತ ಕೇಳಿದ್ರು. ಇದನ್ನ ಯಾಕೆ ಹೇಳ್ಲಿಲ್ಲ?" ಸಿಟ್ಟು ನ್ಯಾಯವಾದದ್ದೇ. ಸಮಾಧಾನ ಮಾಡಲು ನಾನು ಹೋಗಲಿಲ್ಲ. ಓದಿದ್ದು ಮಾತ್ರ ವ್ಯರ್ಥವಲ್ಲ ಅಂದೆ. ಗೇಟ್ ಸಿಲೆಬಸ್ ಅಂದರೆ ಬಿ.ಇ ಕಂಪ್ಯೂಟರ್ ಸೈನ್ಸ್‌ನ ತಿರುಳು: ಡೇಟಾ ಸ್ಟ್ರಕ್ಚರ್, ಆಲ್ಗರಿದಮ್, ಡೇಟಾಬೇಸ್, ನೆಟ್‌ವರ್ಕ್, ಕಂಪೈಲರ್ ಎಲ್ಲ ಅದರಲ್ಲಿದೆ. ಸ್ಕೋರಿಗೆ ಮೂರು ವರ್ಷ ಮಾತ್ರ ಆಯುಷ್ಯ. ಹಾಗಾಗಿ ಗೇಟ್ ಬರೆಯುವುದು ಈಗಲ್ಲ, ಸ್ನಾತಕೋತ್ತರ ಪದವಿ ಮುಗಿಯುವ ಹೊತ್ತಿಗೆ.

ವಿದೇಶದ ವಿಷಯಕ್ಕೂ ಇದೇ ಮೂರು ವರ್ಷದ ಪದವಿ ಅಡ್ಡ ಬರುತ್ತದೆ. ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ನಾಲ್ಕು ವರ್ಷದ ಪದವಿ, ಅಂದರೆ ಒಟ್ಟು 16 ವರ್ಷದ ಓದು ಕೇಳುತ್ತವೆ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಪದವಿಯಲ್ಲೇ ಇಷ್ಟು ಕ್ರೆಡಿಟ್ ಕಂಪ್ಯೂಟರ್ ವಿಷಯ ಓದಿರಬೇಕು ಅನ್ನುವ ನಿಯಮವನ್ನು ಯಾರೂ ಹೇಳುವುದಿಲ್ಲ. ಬ್ರಿಟನ್‌ನಲ್ಲಿ ಬೇರೆ ವಿಷಯ ಓದಿದವರಿಗಾಗಿಯೇ ಕನ್ವರ್ಷನ್ ಎಂ.ಎಸ್ಸಿ ಅಂತ ಒಂದು ವರ್ಷದ ಕೋರ್ಸುಗಳಿವೆ. ಏಜೆಂಟರ ಬ್ರೋಷರಿನಲ್ಲಿದ್ದದ್ದು ಅದೇ. ಕೋರ್ಸು ಸುಳ್ಳಲ್ಲ, ಅಲ್ಲಿನ ಒಳ್ಳೆಯ ವಿಶ್ವವಿದ್ಯಾಲಯಗಳೂ ನಡೆಸುತ್ತವೆ. ಆದರೆ ಹೋಗಿ ಇಳಿದು ಕೆಲವೇ ತಿಂಗಳಲ್ಲಿ ಕೆಲಸ ಹುಡುಕಲು ಶುರು ಮಾಡಬೇಕು, ಆಗಿನ್ನೂ ಕಲಿತದ್ದು ಅರ್ಧ. ಅದನ್ನು ತೋಟ ಅಡ ಇಟ್ಟು ಮಾಡಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯವಾಗಿತ್ತು. ಒಂದು ಅರ್ಜಿ ಹಾಕು, ಸ್ಕಾಲರ್‌ಷಿಪ್ ಬಂದರೆ ಮಾತ್ರ ಹೋಗು ಅಂತ ಒಪ್ಪಂದವಾಯಿತು.

ಹಾಗಾದರೆ ತೆರೆದಿರುವ ಬಾಗಿಲು ಯಾವುದು? ಎಂಸಿಎ. ಸುಮಾಗೆ ಮೊದಲು ಅದು ಎರಡನೇ ದರ್ಜೆಯದು ಅಂತ ಅನ್ನಿಸಿತ್ತು. ನಾನು ಎನ್ಐಟಿಗಳ ಎಂಸಿಎ ಪ್ರವೇಶ ಪರೀಕ್ಷೆ ನಿಮ್‌ಸೆಟ್‌ನ ಅಂಕಗಳ ಹಂಚಿಕೆ ತೋರಿಸಿದೆ. ಒಟ್ಟು 1000 ಅಂಕದಲ್ಲಿ 600 ಗಣಿತಕ್ಕೆ. ಕಂಪ್ಯೂಟರಿಗೆ 120 ಮಾತ್ರ. ಪದವಿಯಲ್ಲಿ ಗಣಿತ ಓದಿರಬೇಕು, ಸಾಮಾನ್ಯ ವರ್ಗದವರಿಗೆ 60 ಪರ್ಸೆಂಟ್ ಇರಬೇಕು. ಎರಡೂ ಇವೆ. ಸುರತ್ಕಲ್‌ನ ಎನ್ಐಟಿಕೆಯ ಎಂಸಿಎ ಸೀಟು ಸಿಗುವುದೂ ಇದರಿಂದಲೇ. ಇಷ್ಟು ದಿನ ಕೊರತೆ ಅಂತ ಹೇಳಿಕೊಂಡು ತಿರುಗಿದ ಬಿ.ಎಸ್ಸಿ ಇಲ್ಲಿ ನೇರವಾಗಿ ಅಂಕ ತರುತ್ತದೆ. ಅವಳು ಆ ಹಾಳೆಯನ್ನು ಫೋನಿನಲ್ಲಿ ಫೋಟೋ ತೆಗೆದುಕೊಂಡಳು.

ಅದರ ಜೊತೆಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಪ್ರವೇಶ ಪರೀಕ್ಷೆ ಪಿಜಿಸಿಇಟಿ. ರಾಜ್ಯದ ಕಾಲೇಜುಗಳ ಎಂಸಿಎಗೆ ಇದು ಸಾಕು. ಪದವಿಯಲ್ಲಿ ಅಥವಾ ಪಿಯುಸಿಯಲ್ಲಿ ಗಣಿತ ಇದ್ದವರು ಬರೆಯಬಹುದು. ಪಿಯುಸಿಯಲ್ಲಿ ಗಣಿತ ಓದಿ ಆಮೇಲೆ ಬಿ.ಕಾಂ, ಬಿ.ಎ ಮಾಡಿದವರೂ ಇದನ್ನು ಗಮನಿಸಬೇಕು, ತುಂಬಾ ಜನರಿಗೆ ಗೊತ್ತೇ ಇಲ್ಲ. ಗಣಿತದ ಮೇಲೆ ನಿಜವಾದ ಹುಚ್ಚು ಇರುವವರಿಗೆ ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್‌ನ ಎಂ.ಎಸ್ಸಿ ಕಂಪ್ಯೂಟರ್ ಸೈನ್ಸ್ ಕೂಡ ಇದೆ. ಅದರ ಪ್ರವೇಶ ಪರೀಕ್ಷೆ ಗಟ್ಟಿಯದು. ಹಳೆಯ ಪ್ರಶ್ನೆಪತ್ರಿಕೆ ನೋಡಿ ಸುಮಾ "ಇದು ನನ್ನ ಕೈಲಾಗಲ್ಲ" ಅಂದಳು. ಒತ್ತಾಯಿಸಲಿಲ್ಲ.

ಸರ್ಟಿಫಿಕೇಟ್‌ಗಳ ವಿಷಯದಲ್ಲಿ ಸ್ವಲ್ಪ ನಿಷ್ಠುರವಾಗಿಯೇ ಮಾತಾಡಿದೆ. ವಿಡಿಯೋ ನೋಡಿ ಮುಗಿಸಿದ್ದಕ್ಕೆ ಕೊಡುವ ಹಾಳೆಯನ್ನು ಪ್ರವೇಶ ಸಮಿತಿಯವರು ಓದುವುದಿಲ್ಲ. ಅವರಿಗೆ ಬೇಕಾಗಿರುವುದು ಇಷ್ಟು: ಈ ಹುಡುಗಿ ಮೂಲ ವಿಷಯಗಳನ್ನು ಕ್ರಮವಾಗಿ ಓದಿ, ಪರೀಕ್ಷೆ ಬರೆದು, ಅಂಕ ತೆಗೆದಿದ್ದಾಳಾ? ಅದಕ್ಕೆ ಐಐಟಿಗಳು ನಡೆಸುವ ಆನ್‌ಲೈನ್ ಕೋರ್ಸುಗಳ ಎನ್‌ಪಿಟೆಲ್ ಒಳ್ಳೆಯದು. ಪಾಠ ಉಚಿತ, ವಾರವಾರ ಅಸೈನ್‌ಮೆಂಟ್. ಕೊನೆಯ ಪರೀಕ್ಷೆಗೆ ಶುಲ್ಕ ಕಟ್ಟಿ ಕೇಂದ್ರಕ್ಕೇ ಹೋಗಿ ಬರೆಯಬೇಕು, ಅಂಕದಲ್ಲಿ ದೊಡ್ಡ ಪಾಲು ಅದರದ್ದೇ. ಡೇಟಾ ಸ್ಟ್ರಕ್ಚರ್ ಮತ್ತು ಆಲ್ಗರಿದಮ್ ಒಂದು, ಡಿಸ್ಕ್ರೀಟ್ ಮ್ಯಾಥ್ಸ್ ಒಂದು ತೆಗೆದುಕೋ, ಎಐ ಸದ್ಯಕ್ಕೆ ಮುಟ್ಟಬೇಡ ಅಂದೆ. ಮಳೆಗಾಲದಲ್ಲಿ ಅವರ ಊರಲ್ಲಿ ಕರೆಂಟು, ನೆಟ್‌ವರ್ಕ್ ಎರಡನ್ನೂ ನಂಬುವ ಹಾಗಿಲ್ಲ. ಸಂಘದ ಆಫೀಸಿನಲ್ಲಿ ವಿಡಿಯೋ ಡೌನ್‌ಲೋಡ್ ಮಾಡಿಕೊಂಡು ರಾತ್ರಿ ಮನೆಯಲ್ಲಿ ನೋಡುತ್ತಿದ್ದಳು.

ಮನೆಯವರ ಜೊತೆಗಿನ ಮಾತು ಇದಕ್ಕಿಂತ ಕಷ್ಟದ್ದು. ಅಪ್ಪ ಬಂದರು. ಸ್ವಲ್ಪವೇ ಮಾತಾಡುವ ಮನುಷ್ಯ. ಎಲೆಚುಕ್ಕಿ ರೋಗ ಬಂದ ಮೇಲೆ ತೋಟದ ಫಸಲು ಕಮ್ಮಿಯಾಗಿದೆ. ಮಗಳ ಮದುವೆಗೆ ಅಂತ ಎತ್ತಿಟ್ಟ ದುಡ್ಡು ಸ್ವಲ್ಪ ಇದೆ. ಸಂಬಂಧವೊಂದು ಬಂದಿದೆ, ಹುಡುಗ ಬೆಂಗಳೂರಲ್ಲಿ. "ಏಜೆಂಟರು ಹೇಳಿದಂಗೆ ಮಾಡೋದಾದ್ರೆ ತೋಟ ಬರ್ಕೊಡ್ಬೇಕು. ಇವಳು ಓದ್ತಾಳೆ ಮೇಡಂ, ಅದ್ರಲ್ಲಿ ಡೌಟಿಲ್ಲ. ಆದ್ರೆ ವಾಪಸ್ ಕಟ್ಟೋದು ಯಾರು?"

ನನ್ನ ಅನುಭವದಲ್ಲಿ ಇಂಥ ಪ್ರಶ್ನೆಗೆ ಧೈರ್ಯ ತುಂಬುವ ಮಾತು ಸಾಲದು, ಲೆಕ್ಕ ಬೇಕು. ಏಳೂವರೆ ಲಕ್ಷ ದಾಟಿದ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಅಡಮಾನ ಕೇಳುತ್ತವೆ. ಇಲ್ಲೇ ಎಂಸಿಎ ಮಾಡುವುದಾದರೆ ಸಾಲ ಆ ಮಿತಿಯ ಒಳಗೇ ಮುಗಿಯಬಹುದು, ತೋಟದ ಕಾಗದ ಹೊರಗೆ ತೆಗೆಯುವ ಅಗತ್ಯ ಇರುವುದಿಲ್ಲ. ಇದನ್ನು ಒಂದು ಹಾಳೆಯಲ್ಲಿ ಬರೆದು ಅವರ ಕೈಗೇ ಕೊಟ್ಟೆ. ಮದುವೆ ವಿಷಯಕ್ಕೆ ನಾನು ಕೈ ಹಾಕಲಿಲ್ಲ. ಸುಮಾ ತಾನೇ ಹೇಳಿದಳು, "ಅಪ್ಪಯ್ಯ, ಆ ಹುಡುಗ ಎರಡು ವರ್ಷ ಕಾಯ್ತಾನಾ ಕೇಳಿ." ಅವರು ನಕ್ಕುಬಿಟ್ಟರು. ಕೇಳಿದರೋ ಇಲ್ಲವೋ ನಾನು ವಿಚಾರಿಸಿಲ್ಲ.

ವಿದೇಶದ ಅರ್ಜಿಗೆ ಉದ್ದೇಶ ಪತ್ರ ಬರೆದು ತಂದಳು. ಮೊದಲ ಸಾಲು: ಚಿಕ್ಕಂದಿನಿಂದಲೂ ನನಗೆ ಕಂಪ್ಯೂಟರ್ ಅಂದರೆ ಬಹಳ ಪ್ರೀತಿ. "ನಿಮ್ಮ ಮನೆಗೆ ಕಂಪ್ಯೂಟರ್ ಬಂದಿದ್ದು ಯಾವಾಗ?" ಅಂದೆ. "ಡಿಗ್ರಿ ಮುಗಿದ್ಮೇಲೆ." ಆ ಸಾಲನ್ನು ಅವಳೇ ಹೊಡೆದು ಹಾಕಿದಳು. ಎರಡನೇ ಪ್ಯಾರಾದಲ್ಲಿ ಬಿ.ಎಸ್ಸಿ ಓದಿದ್ದಕ್ಕೆ ವಿವರಣೆ, ಕ್ಷಮೆ ಕೇಳುವ ಹಾಗೆ. ಅದೂ ಹೋಯಿತು. ಬದಲಿಗೆ ರಸೀದಿಗಳ ಕಥೆ ಮೊದಲಿಗೆ ಬಂತು, 90 ಕೋಟಿ ಲೆಕ್ಕದ ಸಮೇತ. ಶಿಫಾರಸು ಪತ್ರ ಕೊಡಲು ಊರಿನ ಪ್ರಭಾವಿಗಳೊಬ್ಬರು ತಯಾರಿದ್ದರಂತೆ. ಬೇಡ ಅಂದೆ. ಕಾಲೇಜಿನ ಗಣಿತದ ಮೇಷ್ಟ್ರು ಒಬ್ಬರು, ಆ ಪ್ರೋಗ್ರಾಂ ದಿನಾ ಬಳಸುವ ಸಂಘದ ಕಾರ್ಯದರ್ಶಿ ಇನ್ನೊಬ್ಬರು. ಅವಳ ಕೆಲಸವನ್ನು ಕಣ್ಣಾರೆ ನೋಡಿದವರು ಅವರಿಬ್ಬರೇ.

ಇನ್ನೊಂದು ಸಲಹೆ, ಎಲ್ಲರಿಗೂ ಹೇಳುವಂಥದ್ದು. ಅರ್ಜಿ ಶುಲ್ಕ ಕಟ್ಟುವ ಮೊದಲು ಅಂಕಪಟ್ಟಿ ಲಗತ್ತಿಸಿ ಆ ಸಂಸ್ಥೆಯ ಪ್ರವೇಶ ವಿಭಾಗಕ್ಕೇ ಇಮೇಲ್ ಮಾಡಿ, ನಾನು ಅರ್ಹಳಾ ಅಂತ ಕೇಳಬೇಕು. ಉತ್ತರ ಬಂದರೆ ಪ್ರಿಂಟ್ ತೆಗೆದು ಇಟ್ಟುಕೊಳ್ಳಬೇಕು. ಏಜೆಂಟರ ಬಾಯಿಮಾತು, ಸೀನಿಯರ್ ಹೇಳಿದ್ದು, ನಾನು ಹೇಳಿದ್ದು ಕೂಡ, ಅದಕ್ಕೆ ಸಮ ಅಲ್ಲ. ನಿಯಮ ವರ್ಷವರ್ಷ ಬದಲಾಗುತ್ತದೆ.

ಫಲಿತಾಂಶ ಹೀಗಾಯಿತು. ವಿದೇಶದಿಂದ ಸೀಟು ಬಂತು, ಸ್ಕಾಲರ್‌ಷಿಪ್ ಬರಲಿಲ್ಲ, ಮಾತಿನಂತೆ ಬಿಟ್ಟಳು. ನಿಮ್‌ಸೆಟ್ ರ‍್ಯಾಂಕಿಗೆ ಸುರತ್ಕಲ್ ಸಿಗಲಿಲ್ಲ. ಉತ್ತರದ ಕಡೆಯ ಒಂದು ಎನ್ಐಟಿ ಸಿಗುತ್ತಿತ್ತು, ಅಷ್ಟು ದೂರ ಕಳಿಸಲು ಮನೆಯಲ್ಲಿ ಒಪ್ಪಲಿಲ್ಲ. ನನಗೆ ಅದು ಬೇಜಾರಿನ ವಿಷಯವೇ. ಪಿಜಿಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕ್ ಬಂದು ಜಿಲ್ಲೆಯಲ್ಲೇ ಎಂಸಿಎ ಸೇರಿದ್ದಾಳೆ, ಹಾಸ್ಟೆಲಿನಲ್ಲಿದ್ದಾಳೆ. ಬೇರೆ ವಿಷಯದಿಂದ ಬಂದವರಿಗೆ ಇರುವ ಬ್ರಿಡ್ಜ್ ಕೋರ್ಸನ್ನು ತಪ್ಪಿಸಬೇಡ ಅಂತ ಹೇಳಿದ್ದೇನೆ, ಅದರ ಅಂಕ ಲೆಕ್ಕಕ್ಕಿದ್ದರೂ ಸರಿ, ಇಲ್ಲದಿದ್ದರೂ ಸರಿ.

ಮೊದಲ ಇಂಟರ್ನಲ್ಸ್ ಆದ ಮೇಲೆ ಫೋನ್ ಮಾಡಿದ್ದಳು. ಗಣಿತದ ಪೇಪರಿನಲ್ಲಿ ತರಗತಿಗೇ ಹೆಚ್ಚು ಅಂಕ. ಸಿ ಭಾಷೆಯ ಲ್ಯಾಬ್‌ನಲ್ಲಿ ಪಾಯಿಂಟರ್ (ಮೆಮೊರಿಯ ವಿಳಾಸ ಹಿಡಿದಿಡುವುದು) ಬಂದಾಗ ಏನೂ ತಿಳಿಯದೆ ಕೂತಿದ್ದಳಂತೆ. "ಬಿಸಿಎ ಮಾಡಿ ಬಂದೋರೆಲ್ಲ ಪಟಪಟ ಮಾಡ್ತಾರೆ ಮೇಡಂ, ಕೇಳೋಕೆ ನಾಚಿಕೆ." ಅವರಿಗೆ ಪ್ರಾಬಬಿಲಿಟಿ ಬರುತ್ತಾ ಅಂತ ಕೇಳಿದೆ. ಇಲ್ಲವಂತೆ, ಆ ಪೇಪರಿನಲ್ಲಿ ಅರ್ಧ ತರಗತಿ ಒದ್ದಾಡಿದೆಯಂತೆ. ಭಾನುವಾರ ಹಾಸ್ಟೆಲಿನಲ್ಲಿ ಅವರನ್ನು ಕೂರಿಸಿಕೊಂಡು ಅದನ್ನು ಹೇಳಿಕೊಡು, ಬದಲಿಗೆ ಅವರಿಂದ ಪಾಯಿಂಟರ್ ಹೇಳಿಸಿಕೋ ಅಂದೆ. ಈಗ ಮೂರು ಜನ ಸೇರುತ್ತಾರಂತೆ.