ಅಜ್ಜಿಯ ತವರುಮನೆ ಕಟ್ಟಿಸಿದ್ದು ಯಾರು?

ಪ್ರಶ್ನೆ: ತಲಪಾಡಿ ದಾಟಿ ಸ್ವಲ್ಪ ಒಳಗೆ, ಮಂಜೇಶ್ವರದ ಕಡೆ ನಮ್ಮ ಅಜ್ಜಿಯ ತವರುಮನೆ ಇದೆ. ಮುರಕಲ್ಲಿನ ಗೋಡೆ, ಉಪ್ಪರಿಗೆ, ಹಂಚಿನ ಮಾಡು. ಹಂಚಿನ ಮೇಲೆ ಬಾಸೆಲ್ ಮಿಷನ್, 1865 ಅಂತ ಅಚ್ಚಿದೆ. ಮುತ್ತಜ್ಜ ಕಟ್ಟಿಸಿದ್ದು ಅಂತ ಕೆಲವರು, ಅಲ್ಲವೇ ಅಲ್ಲ ಅಂತ ಇನ್ನು ಕೆಲವರು. ದಾಖಲೆ ಕೇಳಿದರೆ ಮಂಗಳೂರಿನವರು ಕೇರಳಕ್ಕೆ ಹೋಗಿ ಅಂತಾರೆ, ಅಲ್ಲಿಯವರು ಮಂಗಳೂರಿಗೆ ಹೋಗಿ ಅಂತಾರೆ. ಏನು ಮಾಡಲಿ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಮೊದಲು ಆ 1865 ಅನ್ನು ಬದಿಗಿಡಿ. ಅದು ಮನೆ ಕಟ್ಟಿದ ವರ್ಷ ಅಲ್ಲ. ಬಾಸೆಲ್ ಮಿಷನ್‌ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಆಮೇಲೂ ಅದೇ ಅಚ್ಚು ಹಾಕುತ್ತಿದ್ದರು. ಮೊದಲ ಮಹಾಯುದ್ಧದ ನಂತರ ಕಾರ್ಖಾನೆ ಕಾಮನ್‌ವೆಲ್ತ್ ಟ್ರಸ್ಟ್‌ ಎಂಬ ಕಂಪನಿಗೆ ಹೋಯಿತು, ಹಾಗಾಗಿ ನಿಮ್ಮ ಹಂಚು ಅದಕ್ಕಿಂತ ಹಿಂದಿನದು ಅಷ್ಟೇ. ಮುಳಿಹುಲ್ಲಿನ ಮಾಡಿಗೆ ಎಷ್ಟೋ ವರ್ಷ ಬಿಟ್ಟು ಹಂಚು ಹೊದೆಸಿದ ಮನೆಗಳೂ ಬೇಕಾದಷ್ಟಿವೆ.

ಹಂಚಿಗಿಂತ ಮರವನ್ನು ನಂಬಿ. ಚಾವಡಿಯ ತೊಲೆ, ಹೆಬ್ಬಾಗಿಲ ದಾರಂದ (ಚೌಕಟ್ಟು), ಎಲ್ಲದರ ಮೇಲೂ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ನೇರ ಬೆಳಕಿಗೆ ಕಾಣದ ಕೆತ್ತನೆ ಓರೆ ಬೆಳಕಿಗೆ ಎದ್ದು ಬರುತ್ತದೆ. ಸಂವತ್ಸರದ ಹೆಸರು ಸಿಕ್ಕರೆ ಅದು 60 ವರ್ಷಕ್ಕೊಮ್ಮೆ ಬರುತ್ತದೆ ಅನ್ನೋದು ನೆನಪಿರಲಿ. ರಕ್ತಾಕ್ಷಿ ಅಂತಿದ್ದರೆ 1864-65 ಇರಬಹುದು, 1924-25 ಕೂಡ ಇರಬಹುದು. ಮೊದಲನೆಯದಾದರೆ ಆಗಿನ್ನೂ ಕಾರ್ಖಾನೆ ಶುರುವಾಗಿರಲಿಲ್ಲ ಅಥವಾ ಆಗಷ್ಟೇ ಶುರುವಾಗಿತ್ತು, ಮನೆಗೆ ಹಂಚು ಬಂದದ್ದು ಬಹುಶಃ ಆಮೇಲೆ ಅಂತ ತಾನಾಗಿ ಗೊತ್ತಾಗುತ್ತದೆ ಅಲ್ವಾ?

ಇನ್ನು ದಾಖಲೆ. ನಿಮ್ಮನ್ನು ಅಲೆಸಿದ್ದು ಬೇಜಾರಿನ ವಿಷಯವೇ, ಆದರೆ ಮನೆ ಇದ್ದಲ್ಲೇ ಇದ್ದರೂ ಅದರ ಜಿಲ್ಲೆ ಮಾತ್ರ ಬದಲಾಗುತ್ತಾ ಬಂದಿದೆ. 1956ರ ನವೆಂಬರ್ 1ರವರೆಗೆ ಮಂಜೇಶ್ವರ ಸೇರಿದ್ದ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ಆಮೇಲೆ ಕೇರಳ. 1957ರಿಂದ ಕಣ್ಣೂರು ಜಿಲ್ಲೆ, 1984ರಿಂದ ಕಾಸರಗೋಡೇ ಜಿಲ್ಲೆ. ಹಾಗಾಗಿ ಹೆಸರು ಹಿಡಿದು ಹುಡುಕಬೇಡಿ, ಸರ್ವೆ ನಂಬರ್ ಹಿಡಿಯಿರಿ. ಈಗಿನ ನಂಬರನ್ನು ವಿಲೇಜ್ ಆಫೀಸಿನಲ್ಲಿ ಕೇಳಿ, ಹಳೇ ನಂಬರಿಗೆ ತಾಳೆ ಹಾಕಿ, ಸಬ್‌ ರಿಜಿಸ್ಟ್ರಾರ್ ಕಚೇರಿಯಲ್ಲಿ ಒಂದೊಂದೇ ಪತ್ರ ಹಿಂದಕ್ಕೆ ಹೋಗಿ. 1970ರ ನಂತರದ ಪಟ್ಟಯದಲ್ಲಿ (ಜಮೀನಿನ ಹಕ್ಕುಪತ್ರ) ಇರುವ ಹೆಸರು ಭೂಸುಧಾರಣೆಯಲ್ಲಿ ಹಕ್ಕು ಪಡೆದ ಗೇಣಿದಾರರದ್ದಾಗಿರಬಹುದು, ಅವರೇ ಕಟ್ಟಿಸಿದವರು ಅಂದುಕೊಳ್ಳಬೇಡಿ.

ನಿಮ್ಮದು ಅಳಿಯಕಟ್ಟಿನ, ಅಂದರೆ ಆಸ್ತಿ ಹೆಣ್ಣಿನ ಕಡೆಯಿಂದ ಇಳಿದು ಬರುವ ಕುಟುಂಬವಾಗಿದ್ದರೆ ನೀವು ತಪ್ಪು ವ್ಯಕ್ತಿಯನ್ನು ಹುಡುಕುತ್ತಿದ್ದೀರಿ ಅಂತ ನನಗನಿಸುತ್ತದೆ. ಅಜ್ಜಿಯ ತವರಿನ ಯಜಮಾನಿಕೆ ಅಜ್ಜಿಯ ಅಪ್ಪನಿಗೆ ಬರುತ್ತಿರಲಿಲ್ಲ, ಅಜ್ಜಿಯ ಸೋದರಮಾವನಿಗೆ ಬರುತ್ತಿತ್ತು. ಮನೆಯವರಲ್ಲಿ ಎರಡು ಮಾತು ಹುಟ್ಟಿದ್ದು ಬಹುಶಃ ಇಲ್ಲೇ. ಆ ಕಡೆಯ ಹೆಸರುಗಳನ್ನು ಬರೆದುಕೊಳ್ಳಿ. 1949ರ ಅಳಿಯಸಂತಾನ ಕಾಯ್ದೆಯ ನಂತರ ಪಾಲು ಕೇಳುವ ಹಕ್ಕು ಬಂತು, ಆಗ ಆದ ಪಾಲುಪಟ್ಟಿ ಸಿಕ್ಕರೆ ಬಿಡಬೇಡಿ. ಚೆಕ್ಕುಬಂದಿಯ (ಜಾಗದ ನಾಲ್ಕು ಗಡಿ) ಜೊತೆ ಆಸ್ತಿ ಕುಟುಂಬಕ್ಕೆ ಹೇಗೆ ಬಂತು ಅನ್ನೋದನ್ನೂ ಇಂಥ ಪತ್ರಗಳಲ್ಲಿ ಬರೆಯುವುದುಂಟು. ಹಳೇ ಕನ್ನಡ ಕೈಬರಹ ಓದಲು ಊರಿನ ಪತ್ರ ಬರೆಯುವವರನ್ನೇ ಕೂರಿಸಿಕೊಳ್ಳಿ.

ಮನೆ ರಿಪೇರಿಗೆ ಕೊಡುವ ಯೋಚನೆ ಇದ್ದರೆ, ಆಚಾರಿ ಮರ ಉಜ್ಜಿ ಪಾಲಿಶ್ ಹಾಕುವ ಮೊದಲೇ ಆ ಕೆತ್ತನೆಯ ಫೋಟೊ ತೆಗೆದಿಡಿ.