ಯಜಮಾನ ನಾನಲ್ಲ ಅಂದ ದಲಾಲಿ ಅಂಗಡಿಯವರು

(ಮನೆಯವರ ಒಪ್ಪಿಗೆ ತಗೊಂಡೇ ಬರೀತಿದೀನಿ, ಗುರುತು ಸಿಗೋಂಥ ಒಂದೆರಡು ವಿವರ ಬದಲಾಯಿಸಿದೀನಿ.)

ನನ್ನ ಕೌನ್ಸೆಲಿಂಗ್ ರೂಮಿನ ಒಳಗೆ ಬಂದ ಕೂಡ್ಲೇ "ಬರ್ರಿ ಯಜಮಾನ್ರೇ, ಕೂತ್ಕೊಳ್ರಿ" ಅಂದೆ. ಅವರು ನಿಂತೇ ಇದ್ರು. "ಹಂಗನ್ನಬ್ಯಾಡ್ರಿ ಮೇಡಂ, ಯಜಮಾನ ಅವನು" ಅಂತ ಮ್ಯಾಲೆ ಕೈ ತೋರಿಸಿದ್ರು. ಹಿಂದೆ ಬಂದಿದ್ದ ಹೆಂಡ್ತಿ ಮುಖ ಆ ಕಡೆ ತಿರುಗಿಸಿದ್ರು, ಅರ್ಧ ಕಥೆ ಅಲ್ಲೇ ಗೊತ್ತಾಯ್ತು.

ವಯಸ್ಸು 56, ದಾವಣಗೆರೆ ಎಪಿಎಂಸೀಲಿ ಮೆಕ್ಕೆಜೋಳದ ದಲಾಲಿ ಅಂಗಡಿ, ಅಪ್ಪನ ಕಾಲದ್ದು. ಮಗ ಬೆಂಗಳೂರಲ್ಲಿ ಸಾಫ್ಟ್‌ವೇರು, ಅಂಗಡಿ ನನಗೆ ಬ್ಯಾಡ ಅಂತ ಹೋದ ದೀಪಾವಳೀಲಿ ಹೇಳಿಬಿಟ್ಟ. ಅಲ್ಲಿಂದ ಇವರಿಗೆ ನಿದ್ದೆ ಇಲ್ಲ. ಎಲ್ಲೋ ಪ್ರವಚನ ಕೇಳಿ ಬಂದು "ಎಲ್ಲಾ ಅವನದು, ನಂದೇನೈತಿ" ಅಂತ ಶುರು ಮಾಡಿದ್ರಂತೆ, ಮೊದಮೊದಲು ಮನೆಯವರಿಗೂ ಖುಷೀನೇ, ಕೂಗಾಡೋದು ಕಮ್ಮಿ ಆಯ್ತಲ್ಲ ಅಂತ. ಬರ್ತಾ ಬರ್ತಾ ಅಂಗಡಿ ಬಾಗಿಲು ತೆಗೆಯೋದು ಬಿಟ್ರು, ರೈತರಿಗೆ ಕೊಡಬೇಕಾದ ದುಡ್ಡು ಬಾಕಿ ಬಿತ್ತು, ಬಿಪಿ ಮಾತ್ರೆ ನಿಂತ್ಹೋಯ್ತು (ಕಾಯೋನು ಅವನೇ ಅಂತೆ), ಕೊನೆಗೆ ಮನೆ, ಸೈಟು ಎರಡೂ ಮಠಕ್ಕೆ ಬರೆದುಕೊಡ್ತೀನಿ ಅಂದ್ರು.

ಹಿಂಗೆ ಇದ್ದಕ್ಕಿದ್ದಂಗೆ ಎಲ್ಲಾ ಹಂಚೋಕೆ ಹೊರಟವರನ್ನ ನೋಡಿದಾಗ ನಾನು ಭಕ್ತಿ ಅಂತ ಸುಮ್ಮನಿರಲ್ಲ. ಹೆಂಡ್ತೀನ ಹೊರಗೆ ಕೂರಿಸಿ ನೇರವಾಗೇ ಕೇಳಿದೆ, ಸಾಯಬೇಕು ಅನಿಸ್ತಿದೆಯಾ ಅಂತ. ಕೇಳಿದ್ರೆ ತಲೇಲಿ ಆ ಯೋಚನೆ ಹುಟ್ಟಿಬಿಡುತ್ತೆ ಅನ್ನೋದು ಸುಳ್ಳು, ದಯವಿಟ್ಟು ನಿಮ್ಮನೇಲೂ ಕೇಳಿ. ಅವರು ಸ್ವಲ್ಪ ಹೊತ್ತು ಬಿಟ್ಟು "ಹಂಗೇನಿಲ್ರಿ, ಸಾಕಾಗೈತಿ ಅಷ್ಟೇ" ಅಂದ್ರು. ಆದ್ರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ನಂಬರ್ ಇಬ್ಬರ ಫೋನಲ್ಲೂ ಸೇವ್ ಮಾಡಿಸಿದೆ, ಬಿಪಿ ಡಾಕ್ಟರ್ ಹತ್ರ ಅವತ್ತೇ ಕಳಿಸಿದೆ.

ಎರಡನೇ ಸಲ ಬಂದಾಗ ಅವರ ಧಂದೆ ಬಗ್ಗೆನೇ ಮಾತಾಡಿದ್ವಿ.

"ನಿಮ್ಮ ಅಂಗಡೀಲಿ ರಾಶಿ ಬೀಳೋ ಜೋಳ ನಿಮ್ಮದಾ?"

"ಇಲ್ಲ, ರೈತರದು."

"ನಿಮ್ಮದಲ್ಲ ಅಂತ ಮಳೆ ಬಂದಾಗ ಬಿಟ್ಟು ಮನೆಗೆ ಹೋಗ್ತಿದ್ರಾ?"

"ಏ ಎಲ್ಲಾದ್ರೂ ಉಂಟಾ ಮೇಡಂ! ರಾತ್ರಿ 2 ಗಂಟೇಲಿ ಹಮಾಲರನ್ನ ಎಬ್ಬಿಸಿ ತಾಡಪಾಲು ಹೊದಿಸಿದೀನಿ. ಕಂಡೋರ ಮಾಲು, ಲೆಕ್ಕ ಕೊಡಬೇಕಲ್ರಿ."

ಅಂದು ಅವರೇ ಸುಮ್ಮನಾದ್ರು. ನಾನೂ ಸುಮ್ಮನಿದ್ದೆ, ಇಂಥ ಟೈಮಲ್ಲಿ ಬಾಯಿ ಹಾಕಿದ್ರೆ ಕೆಲಸ ಕೆಡುತ್ತೆ. ಆಮೇಲೆ ಅವರು ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಒಕ್ಕಲು ಅಂತ ನೆನಪಾಗಿ, ಮಾಡಿದಷ್ಟು ನೀಡು ಭಿಕ್ಷೆ ಅಂದ ಅಜ್ಜ ಕೈ ಕಟ್ಟಿ ಕೂತಿರಲಿಲ್ಲ, ಕೆರೆ ಕಟ್ಟಿಸಿದ್ರು ಅಂತಾನೇ ಆ ಸೀಮೆ ಜನ ಇವತ್ತಿಗೂ ನೆನೆಸ್ತಾರಲ್ವಾ ಅಂದೆ. ಅದಕ್ಕೆ ನಕ್ಕರು, ಮೊದಲನೇ ಸಲ.

ಒಂದು ಹಾಳೆ ಕೊಟ್ಟು, ದೇವರಿಗೆ ಒಪ್ಪಿಸಿದ್ದೆಲ್ಲಾ ಬರೀರಿ ಅಂದೆ. ಅಂಗಡಿ, ಮನೆ, ಸೈಟು, ಸಾಲ, ಬಿಪಿ, ಬೈಕ್ ಕೂಡ ಬರೆದಿದ್ರು. ಮಗನ ಹೆಸರು ಇರಲಿಲ್ಲ. ಅದನ್ನ ತೋರಿಸಿದಾಗ ಕಣ್ಣಲ್ಲಿ ನೀರು ಬಂತು, ಅವತ್ತು ಮತ್ತೇನೂ ಮಾತಾಡಲಿಲ್ಲ.

ನಾನು ಕೊಟ್ಟ ಸಲಹೆ ಇಷ್ಟೇ. ಆರು ತಿಂಗಳು ಯಾವ ಪತ್ರಕ್ಕೂ ಸೈನ್ ಬೇಡ, ರಿಜಿಸ್ಟರ್ ಆದ ದಾನಪತ್ರ ಆಮೇಲೆ ಮನಸ್ಸು ಬದಲಾಯ್ತು ಅಂತ ವಾಪಸ್ ತಗೊಳ್ಳೋಕೆ ಬರಲ್ಲ, ಮನೆ ಪಿತ್ರಾರ್ಜಿತ ಆದ್ರೆ ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದ್ಮೇಲೆ ಮಗಳಿಗೂ ಮಗನಷ್ಟೇ ಹಕ್ಕಿದೆ, ಅವರ ಪಾಲು ಇವರು ದಾನ ಕೊಡೋದು ಹೆಂಗೆ? ವಕೀಲರನ್ನ ಕೇಳ್ರಿ ಅಂದೆ. ರೈತರ ಬಾಕಿ ಮೊದಲು ಚುಕ್ತಾ. ಮಾತ್ರೆ ದಿನಾ ದೇವರ ಮುಂದೆ ಇಟ್ಟು ಪ್ರಸಾದ ಅಂತಾನೇ ನುಂಗ್ರಿ, ನನ್ನ ತಕರಾರಿಲ್ಲ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಬೀಗದ ಕೈ ಅವನ ಫೋಟೋ ಮುಂದೆ ಇಟ್ಟುಬಿಡ್ರಿ, ಚಿಂತೆ ಅಲ್ಲಿಗೆ ಬಂದ್, ಬೆಳಿಗ್ಗೆ ಎತ್ಕೊಂಡು ಡ್ಯೂಟಿಗೆ ಹೋಗ್ರಿ. ಹೆಂಡ್ತಿಗೂ ಒಂದು ಮಾತು ಹೇಳಿದೆ, ಅವರ ಭಕ್ತಿನ ಆಡ್ಕೋಬೇಡ್ರಿ ಅಂತ.

ಮೊನ್ನೆ ಬಂದಿದ್ರು. ಅಂಗಡಿ ತೆಗೆದಿದಾರೆ, ನಿದ್ದೆ ನಾಲ್ಕೈದು ಗಂಟೆ ಬರ್ತಿದೆಯಂತೆ, ಬಾಕಿ ಇನ್ನೂ ಮೂರು ಜನರದ್ದಿದೆ. "ಮಗಂದು ಇನ್ನೂ ಆಗಿಲ್ರಿ ಮೇಡಂ" ಅಂದು ಅದೇ ಹಾಳೆ ಜೇಬಿಂದ ತೆಗೆದ್ರು. ಹೆಸರು ಬರೆದು, ಮೇಲೆ ಗೀಟು ಹಾಕಿ, ಮತ್ತೆ ಪಕ್ಕದಲ್ಲೇ ಬರೆದಿದ್ರು.