ಹಲ್ಲು ನೋಡಿದ್ದಾಯಿತು, ಒಮ್ಮೆ ನಡೆಸಿ ನೋಡಿ

ಓದುಗರ ಪತ್ರ (ಸಂಗ್ರಹ): ನಾವು ಆರೇಳು ಕನ್ನಡಿಗ ಗೆಳೆಯರು ಮೆಲ್ಬರ್ನ್‌ನಲ್ಲಿದ್ದೇವೆ. ಇಲ್ಲಿನ ಫುಟಿಯ, ಅಂದರೆ ಆಸ್ಟ್ರೇಲಿಯನ್ ಫುಟ್‌ಬಾಲ್‌ನ, ಹುಚ್ಚು ನಮಗೂ ಹತ್ತಿದೆ. ನವೆಂಬರ್‌ನಲ್ಲಿ ಎಎಫ್‌ಎಲ್ (ಆ ಆಟದ ದೊಡ್ಡ ಲೀಗ್) ಕ್ಲಬ್ಬುಗಳು ಹೊಸಬರನ್ನು ಆರಿಸುವ ಡ್ರಾಫ್ಟ್‌ಗೆ ಮುಂಚೆ 18 ವರ್ಷದೊಳಗಿನ ಹುಡುಗರ ಪಂದ್ಯಗಳನ್ನು ನೋಡಿ ನಮ್ಮದೇ ಪಟ್ಟಿ ಮಾಡುತ್ತೇವೆ. ಈ ಸಲ ಜಗಳವಾಗಿದೆ. ಒಬ್ಬ 197 ಸೆಂ.ಮೀ. ಎತ್ತರದ ಫಾರ್ವರ್ಡ್, 20 ಮೀಟರ್ ಓಟ 2.9 ಸೆಕೆಂಡ್. ಇನ್ನೊಬ್ಬ 176 ಸೆಂ.ಮೀ. ಮಿಡ್‌ಫೀಲ್ಡರ್, ಓಟ ಸಾಧಾರಣ, ಆದರೆ ಚೆಂಡು ಹುಡುಕಿಕೊಂಡು ಅವನ ಕೈಗೇ ಬರುತ್ತದೆ. ಗೆಳೆಯರೆಲ್ಲ ಎತ್ತರದವನ ಕಡೆ, 'ಅಂಕಿ ಸುಳ್ಳು ಹೇಳಲ್ಲ' ಅಂತಾರೆ. ನಾನೊಬ್ಬನೇ ಗಿಡ್ಡನ ಕಡೆ. ಯಾರು ಸರಿ? ಅಂದಹಾಗೆ, ಇಂಥದ್ದನ್ನೆಲ್ಲ ಕನ್ನಡ ಪತ್ರಿಕೆಗೆ ಬರೆಯಬಹುದೇ?

ಸಂಪಾದಕರ ಉತ್ತರ:

ಮಾನ್ಯರೇ, ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಧಾರಾಳವಾಗಿ ಬರೆಯಬಹುದು. ಇಂಗ್ಲೆಂಡಿನ ಕೌಂಟಿ ಕ್ರಿಕೆಟ್ ಬಗ್ಗೆ ಪುಟಗಟ್ಟಲೆ ಬರೆದ ಭಾಷೆಗೆ ಮೊಟ್ಟೆಯಾಕಾರದ ಚೆಂಡು ಭಾರವಾಗುವುದಿಲ್ಲ.

ಊರಲ್ಲಿರುವ ಓದುಗರಿಗಾಗಿ ಎರಡು ಮಾತು. ಡ್ರಾಫ್ಟ್ ಎಂದರೆ ಐಪಿಎಲ್ ಹರಾಜಲ್ಲ. ಇಲ್ಲಿ ದುಡ್ಡು ಕೂಗುವುದಿಲ್ಲ, ಸರದಿ ಬರುತ್ತದೆ. ಆಗಷ್ಟೇ ಮುಗಿದ ಋತುವಿನಲ್ಲಿ ಕೊನೆಗೆ ಬಿದ್ದ ಕ್ಲಬ್ಬಿಗೆ ಮೊದಲ ಆಯ್ಕೆ, ಕಪ್ ಗೆದ್ದವರಿಗೆ ಕೊನೆಯದು. ಇರುವುದು 18 ಕ್ಲಬ್. 1986ರಿಂದ ನಡೆದುಬಂದ ಪದ್ಧತಿ. ಹುಡುಗನಿಗೆ ಆಯ್ಕೆಯೇ ಇಲ್ಲ. ಮೆಲ್ಬರ್ನ್‌ನಲ್ಲಿ ಹುಟ್ಟಿ ಬೆಳೆದವನನ್ನು ಪರ್ತ್‌ನ ಕ್ಲಬ್ ಕರೆದರೆ ಪೆಟ್ಟಿಗೆ ಕಟ್ಟಬೇಕು. ವಯಸ್ಸು ಬಹುಮಟ್ಟಿಗೆ ಹದಿನೇಳು, ಹದಿನೆಂಟು.

ಇನ್ನು ನಿಮ್ಮ ಜಗಳ. ನಿಮ್ಮ ಗೆಳೆಯರ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಅಕ್ಟೋಬರ್‌ನ ಕಂಬೈನ್‌ನಲ್ಲಿ, ಅಂದರೆ ಡ್ರಾಫ್ಟ್‌ಗೆ ಮುಂಚಿನ ದೇಹಪರೀಕ್ಷೆಯಲ್ಲಿ, 20 ಮೀಟರ್ ಓಟ, ನಿಂತಲ್ಲಿಂದ ಮತ್ತು ಓಡಿಬಂದು ಹಾರುವ ಎತ್ತರ, ಕಂಬಗಳ ನಡುವೆ ತಿರುಗಿ ಓಡುವ ಚುರುಕು, 2 ಕಿಲೋಮೀಟರ್ ಓಟ, ಎಲ್ಲವನ್ನೂ ಅಳೆಯುತ್ತಾರೆ. 20 ಮೀಟರ್‌ನಲ್ಲಿ ಒಂದು ಸೆಕೆಂಡಿನ ಹತ್ತನೇ ಒಂದು ಭಾಗ ಎಂದರೆ ಓಟದ ಕೊನೆಯಲ್ಲಿ ಸುಮಾರು 80 ಸೆಂ.ಮೀ. ಅಂತರ. ಒಂದು ತೋಳಿನಷ್ಟು. ಟ್ಯಾಕಲ್‌ಗೆ ಸಿಕ್ಕುವುದಕ್ಕೂ ತಪ್ಪಿಸಿಕೊಳ್ಳುವುದಕ್ಕೂ ಅಷ್ಟು ಸಾಕು. ಇಷ್ಟನ್ನು ಒಪ್ಪಿಕೊಂಡೇ ಮುಂದಕ್ಕೆ ಹೋಗೋಣ.

ಚೆಂಡು ಎಲ್ಲಿ ಬೀಳುತ್ತದೆಂದು ಅರ್ಧ ಸೆಕೆಂಡ್ ಮುಂಚೆ ಗ್ರಹಿಸಿ ಹೆಜ್ಜೆ ಕಿತ್ತವನು ಮೂರು ಮೀಟರ್ ಮುಂದಿರುತ್ತಾನೆ. ಅದನ್ನು ಅಳೆಯುವ ಯಂತ್ರ ಕಂಬೈನ್‌ನಲ್ಲಿಲ್ಲ. ಅಲ್ಲಿ ಹುಡುಗ ಒಬ್ಬನೇ ಓಡುತ್ತಾನೆ, ನೆಟ್ಟಗೆ ಓಡುತ್ತಾನೆ, ತನಗೆ ಬೇಕಾದಾಗ ಹೊರಡುತ್ತಾನೆ. ಪಂದ್ಯದಲ್ಲಿ ಈ ಮೂರರಲ್ಲಿ ಒಂದೂ ಇರುವುದಿಲ್ಲ. ನಮ್ಮ ದನದ ಜಾತ್ರೆಗಳಲ್ಲಿ ತಿಳಿದ ರೈತ ಹೋರಿಯ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ಆಮೇಲೆ 'ಸ್ವಲ್ಪ ನಡೆಸಪ್ಪಾ' ಎನ್ನುತ್ತಾನೆ. ಹುಡುಗರನ್ನು ಹೋರಿಗೆ ಹೋಲಿಸಿದ್ದಕ್ಕೆ ಬೇಸರಿಸಬೇಡಿ. ಎತ್ತರ ಇಷ್ಟು, ಓಟ ಇಷ್ಟು ಎಂದು ಶುರುಮಾಡಿದ್ದು ನಿಮ್ಮ ಗೆಳೆಯರ ಪಟ್ಟಿಯೇ.

2001ರ ಡ್ರಾಫ್ಟನ್ನು ನೋಡಿ. ಫ್ರೀಮ್ಯಾಂಟಲ್ ಕ್ಲಬ್ ತನ್ನ ಕೈಲಿದ್ದ 1, 20 ಮತ್ತು 36ನೇ ಪಿಕ್‌ಗಳನ್ನು (ಆಯ್ಕೆಯ ಸರದಿಗಳನ್ನು) ಹಾಥಾರ್ನ್‌ಗೆ ಬಿಟ್ಟುಕೊಟ್ಟು ಇಬ್ಬರು ಆಟಗಾರರನ್ನು ತಂದುಕೊಂಡಿತು. ಒಂದನೇ ಪಿಕ್‌ನಲ್ಲಿ ಹಾಥಾರ್ನ್ ಲೂಕ್ ಹಾಡ್ಜ್‌ನನ್ನು ಕರೆಯಿತು. ಮೂರನೆಯದರಲ್ಲಿ ವೆಸ್ಟ್ ಕೋಸ್ಟ್‌ಗೆ ಕ್ರಿಸ್ ಜಡ್ ಸಿಕ್ಕ. ಹಾಡ್ಜೋ ಜಡ್ಡೋ ಎಂದು ಇಂದಿಗೂ ಅಲ್ಲಿಯ ಅಭಿಮಾನಿಗಳು ಕಾಫಿ ಆರುವ ತನಕ ವಾದಿಸುತ್ತಾರೆ. ನನ್ನ ಕಣ್ಣು ನೆಟ್ಟಿರುವುದು 36ರ ಮೇಲೆ. ಅಲ್ಲಿ ಬಂದವನು ಸ್ಯಾಮ್ ಮಿಚೆಲ್. ಹಿಂದಿನ ವರ್ಷ ಯಾರೂ ಕರೆದಿರಲಿಲ್ಲ. ಓಟ ನಿಧಾನ ಎಂಬ ಹೆಸರು ಬೇರೆ. ನಾಲ್ಕು ಕಪ್ ಗೆದ್ದ, 2008ರದ್ದನ್ನು ನಾಯಕನಾಗಿಯೇ. ಈಗ ಅದೇ ಕ್ಲಬ್ಬಿನ ಕೋಚ್. ಮಿಚೆಲ್ ಎರಡೂ ಕಾಲಲ್ಲಿ ಒದೆಯುತ್ತಿದ್ದ, ಹಾಗಾಗಿ ಯಾವ ಕಡೆಗೆ ತಿರುಗುತ್ತಾನೆಂದು ಎದುರಾಳಿಗೆ ಗೊತ್ತಾಗುತ್ತಿರಲಿಲ್ಲ. ಆ ಗುಣ ಸ್ಟಾಪ್‌ವಾಚಿಗೆ ಕಾಣಿಸುವಂಥದ್ದಲ್ಲ.

ಅದೇ ಡ್ರಾಫ್ಟಿನ 58ನೇ ಪಿಕ್ ಡೇನ್ ಸ್ವಾನ್. 2011ರಲ್ಲಿ ಬ್ರೌನ್ಲೋ ಪದಕ, ಅಂದರೆ ವರ್ಷದ ಶ್ರೇಷ್ಠ ಆಟಗಾರ. ಸ್ವಾನ್ ಆ ಪದಕ ಕೊರಳಿಗೆ ಹಾಕಿಕೊಂಡ ವರ್ಷವೇ ಡ್ರಾಫ್ಟ್‌ನಲ್ಲಿ ಫ್ರೀಮ್ಯಾಂಟಲ್ 58ನೇ ಪಿಕ್‌ಗೆ ಕರೆದ ಹುಡುಗ ಲಾಕಿ ನೀಲ್. ದಕ್ಷಿಣ ಆಸ್ಟ್ರೇಲಿಯಾದ ಕಿಬಿಬೊಲೈಟ್ ಎಂಬ ಸಣ್ಣ ಊರಿನವನು, ಹೆಚ್ಚುಕಡಿಮೆ ನಿಮ್ಮ ಗಿಡ್ಡನಷ್ಟೇ ಎತ್ತರ. ಮುಂದೆ ಬ್ರಿಸ್ಬೇನ್‌ಗೆ ಹೋಗಿ 2020ರಲ್ಲೂ 2023ರಲ್ಲೂ ಅದೇ ಪದಕ ಗೆದ್ದ. 57 ಸಲ ಬೇರೆ ಹೆಸರು ಕೂಗಿದ ಮೇಲೆ ಬಂದ ಇಬ್ಬರು! ಎತ್ತರ ಮತ್ತು ವೇಗವನ್ನು ನೆಚ್ಚಿದ ಗೆಳೆಯರಿಗೆ ಇದನ್ನು ಓದಿ ಹೇಳಿ.

ಸ್ಕಾಟ್ ಪೆಂಡಲ್‌ಬರಿಯ ಕಥೆ ಇನ್ನೂ ಚೆಂದ. ಹುಡುಗ ಬಾಸ್ಕೆಟ್‌ಬಾಲ್ ಆಟಗಾರ, ಕ್ಯಾನ್‌ಬೆರಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ವಿದ್ಯಾರ್ಥಿವೇತನ ಬಿಟ್ಟು ಫುಟಿಗೆ ಮರಳಿದ. ಖಾಲಿಯಾದ ಜಾಗಕ್ಕೆ ಬಂದವನು ಮುಂದೆ ಎನ್‌ಬಿಎ ಆಡಿದ ಪ್ಯಾಟಿ ಮಿಲ್ಸ್. 2005ರಲ್ಲಿ ಕಾಲಿಂಗ್‌ವುಡ್ ಐದನೇ ಪಿಕ್‌ನಲ್ಲಿ ಕರೆದ ಪೆಂಡಲ್‌ಬರಿ 400 ಪಂದ್ಯ ದಾಟಿದ. ಸುತ್ತ ನಾಲ್ವರು ಮುಗಿಬಿದ್ದಾಗಲೂ ಅವನ ಕೈಯಲ್ಲಿ ಚೆಂಡು ಆತುರ ಪಡುವುದಿಲ್ಲ.

'ಹಾಗಾದರೆ ನೋಡುವುದು ಹೇಗೆ?' ಎಂದು ಗೆಳೆಯರು ಕೇಳಿಯೇ ಕೇಳುತ್ತಾರೆ. 18ರೊಳಗಿನ ಹುಡುಗರ ಟ್ಯಾಲೆಂಟ್ ಲೀಗ್ ಪಂದ್ಯಕ್ಕೆ ಹೋದಾಗ ಮೈದಾನದ ಉದ್ದಕ್ಕೆ ನಿಲ್ಲಬೇಡಿ, ಗೋಲ್ ಕಂಬಗಳ ಹಿಂದೆ ನಿಲ್ಲಿ. ಯಾರು ಎಲ್ಲಿ ಖಾಲಿ ಜಾಗ ಕಂಡು ಓಡಿದರು ಎಂಬುದು ಅಲ್ಲಿಂದ ಮಾತ್ರ ಸರಿಯಾಗಿ ಕಾಣುತ್ತದೆ. ಒಬ್ಬನೇ ಹುಡುಗನನ್ನು ಒಂದಿಡೀ ಕ್ವಾರ್ಟರ್ (ಪಂದ್ಯದ ಕಾಲು ಭಾಗ) ನೋಡಿ, ಚೆಂಡು ಎಲ್ಲಾದರೂ ಹಾಳಾಗಿ ಹೋಗಲಿ. ಇದು ಕಷ್ಟ. ಎರಡು ನಿಮಿಷಕ್ಕೆ ಕಣ್ಣು ತಾನಾಗಿ ಚೆಂಡಿನ ಹಿಂದೆ ಓಡುತ್ತದೆ. ಎಳೆದು ತನ್ನಿ.

ಅಂಪೈರ್ ಚೆಂಡು ಮೇಲೆಸೆದು ಆಟ ಮತ್ತೆ ಶುರುವಾಗುವಾಗ ನಿಮ್ಮ ಗಿಡ್ಡ ಎಲ್ಲಿ ನಿಂತಿದ್ದಾನೆ? ತನ್ನ ಎದುರಾಳಿಗೂ ತಾವು ಕಾಯಬೇಕಾದ ಗೋಲಿಗೂ ನಡುವೆ ನಿಂತಿದ್ದರೆ ಒಳ್ಳೆಯ ಲಕ್ಷಣ. ಸದಾ ಮುಂದಿನ ಕಡೆಯೇ ನಿಲ್ಲುವವನು ಗೆದ್ದಾಗ ಮಿಂಚುತ್ತಾನೆ, ಸೋತಾಗ ಎರಡು ಹೆಜ್ಜೆ ಹಿಂದೆ ಬಿದ್ದಿರುತ್ತಾನೆ. ತಂಡ ಚೆಂಡು ಕಳೆದುಕೊಂಡ ಮೇಲಿನ ಐದು ಸೆಕೆಂಡ್ ನೋಡಿ: ಸೊಂಟಕ್ಕೆ ಕೈಯಿಟ್ಟನೋ, ತಿರುಗಿ ತನ್ನ ಗೋಲಿನತ್ತ ಓಡಿದನೋ? ಮಳೆ ಬಿದ್ದ ದಿನ ನೆಲದ ಚೆಂಡನ್ನು ಒಂದೇ ಹಿಡಿತಕ್ಕೆ ಎತ್ತುತ್ತಾನೋ, ಎರಡು ಸಲ ತಡಕುತ್ತಾನೋ?

ಒದೆಯುವಾಗ ಪಾದವನ್ನಲ್ಲ, ಕೈಯನ್ನು ನೋಡಿ. ಬಲಗಾಲಿನವನಾದರೆ ಬಲಗೈಯೇ ಚೆಂಡನ್ನು ಪಾದದ ಹತ್ತಿರದವರೆಗೆ ಇಳಿಸಿ ಬಿಡಬೇಕು. ಎದೆಯ ಮಟ್ಟದಿಂದಲೇ ಕೈಬಿಟ್ಟರೆ ಚೆಂಡು ಗಾಳಿಯಲ್ಲಿ ವಾಲಿ ಪಾದದ ಮೇಲೆ ಓರೆಯಾಗಿ ಬೀಳುತ್ತದೆ, ಒದೆತ ಎತ್ತಲೋ ಹೋಗುತ್ತದೆ. ಬಿಡುವಿದ್ದಾಗ ಎಲ್ಲರೂ ಚೆನ್ನಾಗಿಯೇ ಒದೆಯುತ್ತಾರೆ. ಹೆಗಲ ಮೇಲೆ ಕೈ ಬಿದ್ದಾಗ ಈ ದೋಷ ಹೊರಗೆ ಬರುತ್ತದೆ. ಇನ್ನೊಂದು ಕಾಲಿನಿಂದ ಒದೆಯಬೇಕಾಗಿ ಬಂದಾಗ ಹುಡುಗ ಅಡ್ಡತಿರುಗಿ ತನ್ನ ಕಾಲಿಗೇ ತಂದುಕೊಳ್ಳುತ್ತಾನಾ ಎಂಬುದನ್ನೂ ಬರೆದಿಟ್ಟುಕೊಳ್ಳಿ. ದೊಡ್ಡವರ ಆಟದಲ್ಲಿ ಆ ಒಂದು ಸುತ್ತು ತಿರುಗುವಷ್ಟು ಸಮಯ ಕೊಡುವುದಿಲ್ಲ.

ಈಗ ನಿಮಗೂ ಒಂದು ಮಾತು, ನೋಯಬೇಡಿ. 'ಚೆಂಡು ಹುಡುಕಿಕೊಂಡು ಬರುತ್ತದೆ' ಎಂದು ಬರೆದಿದ್ದೀರಿ. ಎಷ್ಟು ಸಲ ಎಂಬುದನ್ನು ಬಿಡಿ, ಹೇಗೆ ಬಂತು ಹೇಳಿ. ಗುಂಪಿನ ಕಾಲ್ತುಳಿತದಿಂದ ತಾನೇ ಕಿತ್ತುಕೊಂಡದ್ದೇ, ಪಕ್ಕದಲ್ಲಿ ಓಡುತ್ತಾ ಗೆಳೆಯ ಮುಷ್ಟಿಯಿಂದ ಗುದ್ದಿ ಕೊಟ್ಟ ಪಾಸ್, ಅಂದರೆ ಹ್ಯಾಂಡ್‌ಬಾಲ್, ಇಸಿದುಕೊಂಡದ್ದೇ? ಎರಡೂ ಒಂದು ಎಂದೇ ಲೆಕ್ಕಕ್ಕೆ ಬರುತ್ತವೆ. ಪಂದ್ಯದಲ್ಲಿ ಮೂವತ್ತು ಸಲ ಚೆಂಡು ಸಿಕ್ಕಿತೆಂಬ ಎಣಿಕೆ ನೋಡಿ ಮರುಳಾಗುವವರು ಎತ್ತರ ನೋಡಿ ಮರುಳಾಗುವವರಿಗಿಂತ ಬುದ್ಧಿವಂತರೇನಲ್ಲ. ಎಷ್ಟು ಪಂದ್ಯದ ಲೆಕ್ಕ ಅದು? ಮೆಲ್ಬರ್ನ್‌ನ ದೊಡ್ಡ ಖಾಸಗಿ ಶಾಲೆಗಳ ಹುಡುಗರು ಋತುವಿನ ಬಹುಭಾಗ ಶಾಲೆಯ ತಂಡಕ್ಕೇ ಆಡಿ, ಟ್ಯಾಲೆಂಟ್ ಲೀಗ್‌ಗೆ ಕೆಲವೇ ಪಂದ್ಯಕ್ಕೆ ಬರುತ್ತಾರೆ. ನಾಲ್ಕು ಪಂದ್ಯದ ಸರಾಸರಿ ಹಿಡಿದು ಹಣೆಬರಹ ಹೇಳುವುದು ಗಿಳಿಶಾಸ್ತ್ರ.

ಎತ್ತರದವನ ವಿಷಯದಲ್ಲಿ ಮೋಸ ಇನ್ನೂ ಸುಲಭ. 197 ಸೆಂ.ಮೀ. ಹುಡುಗನಿಗೆ ಎದುರಾಗಿ ನಿಲ್ಲುವ ಡಿಫೆಂಡರ್ ಈಗ ಬಹುಶಃ 187. ಚೆಂಡಿನ ಕೆಳಗೆ ಸುಮ್ಮನೆ ನಿಂತು ಕೈ ಎತ್ತಿದರೂ ಮಾರ್ಕ್, ಅಂದರೆ ಒದ್ದ ಚೆಂಡಿನ ಕ್ಯಾಚ್, ಸಿಗುತ್ತದೆ. ಮುಂದಿನ ವರ್ಷ ಅವನಷ್ಟೇ ಎತ್ತರದ, ಹತ್ತು ವರ್ಷ ಜಿಮ್‌ನಲ್ಲಿ ಕಳೆದ ಗಂಡಸು ಬೆನ್ನಿಗೆ ಒರಗಿ ನಿಂತಿರುತ್ತಾನೆ. ಆದ್ದರಿಂದ ಹಿಡಿದ ಮಾರ್ಕ್ ಎಣಿಸಬೇಡಿ. ಓಡಿಬಂದು ಚೆಂಡನ್ನು ಕೈ ಚಾಚಿದ ತುದಿಯಲ್ಲಿ ಹಿಡಿದನೋ, ಎದೆಗೆ ಬರುವ ತನಕ ಕಾದನೋ ನೋಡಿ. ಒಮ್ಮೆ ಓಡಿ ಚೆಂಡು ಬರದಿದ್ದಾಗ ಎರಡನೇ ಸಲ ಓಡಿದನೇ ನೋಡಿ. ಆಗಲೂ ತಾಳ್ಮೆ ಬೇಕು, ಎತ್ತರದವರು ತಡವಾಗಿ ಕೂಡಿಬರುತ್ತಾರೆ. ಮೆಲ್ಬರ್ನ್ ಕ್ಲಬ್ಬಿನ ಮ್ಯಾಕ್ಸ್ ಗಾನ್ 2009ರಲ್ಲಿ 34ನೇ ಪಿಕ್. ಡೀನ್ ಕಾಕ್ಸ್, ಆರನ್ ಸ್ಯಾಂಡಿಲ್ಯಾಂಡ್ಸ್ ಇಬ್ಬರೂ ರೂಕಿ ಪಟ್ಟಿಯಿಂದ, ಅಂದರೆ ಹಿಂಬಾಗಿಲಿನಿಂದ, ಒಳಬಂದವರು.

ಗಾಯಾಳುಗಳನ್ನು ನಿಮ್ಮ ಪಟ್ಟಿ ಮರೆತಿರುತ್ತದೆ, ಅದು ಎಲ್ಲ ಅಭಿಮಾನಿಗಳ ಚಾಳಿ. ಜೋಯಲ್ ಸೆಲ್ವುಡ್ ಮೊಣಕಾಲು ನೋವಿನಿಂದ 2006ರ ಬಹುಭಾಗ ಆಡಲಿಲ್ಲ. ಕ್ಲಬ್ಬುಗಳು ಹಿಂಜರಿದವು, ಏಳನೇ ಪಿಕ್‌ನಲ್ಲಿ ಜೀಲಾಂಗ್‌ಗೆ ಸಿಕ್ಕ. ಮೊದಲ ವರ್ಷವೇ ಕಪ್, ಒಟ್ಟು ನಾಲ್ಕು. ಇನ್ನು ಪಿಕ್ ಸಂಖ್ಯೆ ಊಹಿಸುವ ಪಂದ್ಯ ಕಟ್ಟಬೇಡಿ. ತಂದೆ ಒಂದೇ ಕ್ಲಬ್ಬಿಗೆ 100 ಪಂದ್ಯ ಆಡಿದ್ದರೆ ಮಗನ ಮೇಲೆ ಆ ಕ್ಲಬ್ಬಿಗೆ ಹಕ್ಕು. ಬೇರೆಯವರು ಹೆಸರು ಕೂಗಿದರೆ, ತನ್ನ ಪಿಕ್‌ಗಳಿಗಿರುವ ಅಂಕಗಳನ್ನು ಬೆಲೆಯಾಗಿ ಕೊಟ್ಟು ಬಿಡಿಸಿಕೊಳ್ಳಬಹುದು. 2021ರಲ್ಲಿ ನಿಕ್ ಡೇಕಸ್‌ನನ್ನು ಗೋಲ್ಡ್ ಕೋಸ್ಟ್ ನಾಲ್ಕನೇ ಪಿಕ್‌ನಲ್ಲಿ ಕೂಗಿತು, ಕಾಲಿಂಗ್‌ವುಡ್ ಬಿಡಿಸಿಕೊಂಡಿತು. ಹೀಗೆ ಒಂದೊಂದು ಸಲ ಆದಾಗಲೂ ಕೆಳಗಿನ ಸಂಖ್ಯೆಗಳೆಲ್ಲ ಒಂದೊಂದು ಮೆಟ್ಟಿಲು ಜಾರುತ್ತವೆ.

ನನ್ನ ನಿಜವಾದ ಸಿಟ್ಟು ಬೇರೆ ಇದೆ. 2008ರಲ್ಲಿ ಜ್ಯಾಕ್ ವಾಟ್ಸ್ ಒಂದನೇ ಪಿಕ್. ಮರುವರ್ಷ ಜೂನ್‌ನಲ್ಲಿ, ಇನ್ನೂ ಶಾಲೆಯ ಕೊನೆಯ ತರಗತಿಯಲ್ಲಿದ್ದ ಹುಡುಗನನ್ನು ಕಾಲಿಂಗ್‌ವುಡ್ ಎದುರು ಮೊದಲ ಪಂದ್ಯಕ್ಕೆ ಇಳಿಸಿದರು. ಕೈಗೆ ಚೆಂಡು ಬಂದದ್ದೇ ತಡ ಎದುರಾಳಿಗಳು ಮುಗಿಬಿದ್ದರು. ಮುಂದೆ ಎಷ್ಟು ಚೆನ್ನಾಗಿ ಆಡಿದರೂ 'ಒಂದನೇ ಪಿಕ್ ಆಗಿ ಇಷ್ಟೇನಾ?' ಎಂಬ ಮಾತು ಅವನನ್ನು ಬಿಡಲಿಲ್ಲ. 2004ರಲ್ಲಿ ರಿಚ್ಮಂಡ್ ನಾಲ್ಕನೆಯವನಾಗಿ ರಿಚರ್ಡ್ ಟ್ಯಾಂಬ್ಲಿಂಗ್‌ನನ್ನು ಕರೆಯಿತು, ಐದನೆಯವನಾಗಿ ಹಾಥಾರ್ನ್‌ಗೆ ಸಿಕ್ಕ ಲ್ಯಾನ್ಸ್ ಫ್ರಾಂಕ್ಲಿನ್ ಸಾವಿರಕ್ಕೂ ಹೆಚ್ಚು ಗೋಲ್ ಹೊಡೆದ. ಅದರಲ್ಲಿ ಟ್ಯಾಂಬ್ಲಿಂಗ್‌ನ ತಪ್ಪೇನು? ಅವನು ತನ್ನನ್ನು ತಾನೇ ಆರಿಸಿಕೊಂಡನೇ? ಹೆಸರು ಮಾತ್ರ ಗಾದೆಯಾಯಿತು.

ನಾವೇನು ಕಡಿಮೆಯೇ? ಪಿಯುಸಿ ಫಲಿತಾಂಶದ ಮರುದಿನ ಪೇಪರಿನ ತುಂಬ ಕಾಲೇಜುಗಳ ಜಾಹೀರಾತು, ಸಾಲುಸಾಲು ಪಾಸ್‌ಪೋರ್ಟ್ ಸೈಜಿನ ಮುಖ, ಕೆಳಗೆ ರ‍್ಯಾಂಕ್. ಅಲ್ಲೂ ವಯಸ್ಸು ಹದಿನೇಳೇ. 2018ರ ಜನವರಿಯಲ್ಲಿ ನ್ಯೂಜಿಲೆಂಡ್‌ನಲ್ಲಿ 19ರೊಳಗಿನವರ ವಿಶ್ವಕಪ್ ಸೆಮಿಫೈನಲ್‌ಗೆ ಎರಡು ದಿನವಿದ್ದಾಗ ಇಲ್ಲಿ ಐಪಿಎಲ್ ಹರಾಜು ನಡೆಯುತ್ತಿತ್ತು. ಹರಾಜು ಪ್ರತಿ ವರ್ಷ ಬರುತ್ತದೆ, ಈ ಪಂದ್ಯ ಮತ್ತೆ ಬರುವುದಿಲ್ಲ ಎಂಬರ್ಥದ ಮಾತನ್ನು ಕೋಚ್ ಆಗಿದ್ದ ನಮ್ಮ ದ್ರಾವಿಡ್ ಆ ಹುಡುಗರಿಗೆ ಹೇಳಬೇಕಾಯಿತು. ಆ ವಯಸ್ಸಿನವರ ಬೆಲೆಯನ್ನು ಟೀವಿಯಲ್ಲಿ ಕೂಗುವುದು ಸರಿಯೇ ಎಂದು ಮಾತ್ರ ಯಾರೂ ಕೇಳಲಿಲ್ಲ.

ಮರ್ಲಿಯನ್ ಪಿಕೆಟ್‌ನನ್ನು ಡ್ರಾಫ್ಟ್‌ಗಳು ಮತ್ತೆ ಮತ್ತೆ ದಾಟಿಹೋದವು. 2019ರಲ್ಲಿ ಋತುವಿನ ನಡುವೆ ನಡೆಯುವ ಸಣ್ಣ ಡ್ರಾಫ್ಟ್‌ನಲ್ಲಿ ರಿಚ್ಮಂಡ್ ಕರೆಯಿತು. 27ನೇ ವಯಸ್ಸಿನಲ್ಲಿ ಮೊದಲ ಎಎಫ್‌ಎಲ್ ಪಂದ್ಯ ಆಡಿದ್ದು ಗ್ರ್ಯಾಂಡ್ ಫೈನಲ್‌ನಲ್ಲೇ, ಒಂದು ಗೋಲನ್ನೂ ಹೊಡೆದ, ಕಪ್ಪೂ ಬಂತು. ನಿಮ್ಮ ಪಟ್ಟಿಯಿಂದ ಹೊಡೆದುಹಾಕಿದ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟು, ಐದು ವರ್ಷ ಬಿಟ್ಟು ತೆಗೆದು ನೋಡಿ. ಗೆಳೆಯರಿಗೂ ಅದೇ ಕೆಲಸ ಹಚ್ಚಿ.

ಗಿಡ್ಡನೋ ಎತ್ತರದವನೋ ಎಂದರೆ, ನೀವು ಬರೆದಷ್ಟರಲ್ಲಿ ನನ್ನ ಒಲವು ಗಿಡ್ಡನ ಕಡೆಗೇ. ಒಂದು ವಿಷಯ ಮಾತ್ರ ಪತ್ರದಲ್ಲಿಲ್ಲ. ಒಂದೇ ಡ್ರಾಫ್ಟಿಗೆ ಬರುವವರಲ್ಲಿ ಜನವರಿಯಲ್ಲಿ ಹುಟ್ಟಿದವನಿಗೂ ಡಿಸೆಂಬರ್‌ನಲ್ಲಿ ಹುಟ್ಟಿದವನಿಗೂ ಹನ್ನೊಂದು ತಿಂಗಳ ವ್ಯತ್ಯಾಸ. ಆ ವಯಸ್ಸಿನಲ್ಲಿ ಅದು ನಾಲ್ಕೈದು ಕೆ.ಜಿ. ಮಾಂಸಖಂಡ, ಒಂದು ಪೂರ್ತಿ ಋತುವಿನ ಅಭ್ಯಾಸ. ನಿಮ್ಮ ಹುಡುಗ ಹುಟ್ಟಿದ ತಿಂಗಳು ಯಾವುದು? ಎತ್ತರದವನದ್ದೂ ತಿಳಿದು ಬರೆಯಿರಿ.

– ಸಂ.